ಮೊಸರಕ್ಕನ ಉಸಿರು

ನಗಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಗುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಉರಿಗಾಂ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಮಕ್ಕಳು ಕಿಸಕ್ಕೆಂದರೆ ಬೈಯುವುದಿಲ್ಲ, ಅವಕ್ಕೆ ನಗುವುದಕ್ಕೆ ಕಾರಣವೇ ಬೇಕಿಲ್ಲ. ಆದರೆ ದೊಡ್ಡವರು ಕಾಲು ಚಾಚಿ ಟೀವಿ ಮುಂದೆ ಕೂತು, ಇನ್ನೊಬ್ಬರ ನಡಿಗೆ, ಇನ್ನೊಬ್ಬರ ಮಾತು ನೋಡಿ ಹಲ್ಲು ಬಿಡುತ್ತಾರಲ್ಲ, ಅದನ್ನು ಕಂಡರೆ ಎದ್ದು ಟೀವಿ ಆರಿಸಿಬಿಡುತ್ತೇನೆ. ಹುಟ್ಟಿನಿಂದ ನಾನು ಇಂಥ ಸಿಡುಕಿಯಾಗಿರಲಿಲ್ಲ. ನಮ್ಮ ಚಿಕ್ಕಮ್ಮ ಕದಿರಮ್ಮನ ಬದುಕನ್ನು ಹತ್ತಿರದಿಂದ ನೋಡಿ ಹೀಗಾದೆ.

ಕದಿರಮ್ಮ ಎಂದರೆ ಯಾರಿಗೂ ತಿಳಿಯುವುದಿಲ್ಲ. ಟೀವಿಯ ಮೊಸರಕ್ಕ ಎಂದರೆ ತಕ್ಷಣ ಗೊತ್ತಾಗುತ್ತದೆ. ಗೊತ್ತಾದವರು ಒಂದು ಸಲ ಉಸಿರನ್ನು ಒಳಕ್ಕೆಳೆದು ತೋರಿಸಿ ನಗುತ್ತಾರೆ. ಅಂಥವರ ಜೊತೆ ನಾನು ಮಾತು ಮುಂದುವರಿಸುವುದಿಲ್ಲ.

ನಮ್ಮ ತಾತ ಕೋದಂಡಪ್ಪನಿಗೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಒಂದೂವರೆ ಎಕರೆ ಖುಷ್ಕಿ, ಒಂದು ಜಟಕಾ ಇತ್ತು. ರಾಗಿ ಕೈಕೊಟ್ಟರೆ ಜಟಕಾ ಕಾಪಾಡುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಒಂದು ಟಾಕೀಸಿನವರು ಹೊಸ ಚಿತ್ರ ಬಂದಾಗ ಜಟಕಾದ ಎರಡು ಪಕ್ಕಕ್ಕೂ ಬಣ್ಣದ ಬೋರ್ಡು ಕಟ್ಟಿ ಕಳಿಸುತ್ತಿದ್ದರು. ತಾತ ತಗಡಿನ ಕೊಳವೆ ಬಾಯಿಗೆ ಹಿಡಿದು ಕೂಗುತ್ತ ಹೋಗಬೇಕು. ಪೇಟೆಯಲ್ಲಿ ಕನ್ನಡ, ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳ ಲೈನುಗಳಲ್ಲಿ ತಮಿಳು, ಸಂತೆಯ ದಿನ ಆಂಧ್ರದ ಕಡೆಯಿಂದ ಬಂದ ರೈತರಿಗೆ ತೆಲುಗು. ೧೯೭೨ರಲ್ಲಿ ತಾತನ ಗಂಟಲು ಕಟ್ಟಿಹೋಯಿತು. ಹದಿನಾಲ್ಕು ವರ್ಷದ ನಮ್ಮ ಚಿಕ್ಕಮ್ಮ ಕದಿರಿ ಪಕ್ಕದಲ್ಲಿ ಕೂತಿದ್ದವಳು ಕೊಳವೆ ಕಿತ್ತುಕೊಂಡಳು.

ಅವಳು ಬರೀ ಚಿತ್ರದ ಹೆಸರು ಕೂಗಿ ಸುಮ್ಮನಾಗುವವಳಲ್ಲ. ನಾಯಕನ ಹಾಗೆ ಗುಡುಗುವಳು, ನಾಯಕಿಯ ಹಾಗೆ ಬಿಕ್ಕುವಳು, ಖಳನ ಹಾಗೆ ಗಹಗಹಿಸುವಳು. ಅದೂ ಮೂರು ಭಾಷೆಯಲ್ಲಿ. ಲೈನಿನ ಹೆಂಗಸರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಚಿತ್ರ ನೋಡಿ ಬಂದವರು, ಜಟಕಾದಲ್ಲಿ ಕೇಳಿದ್ದೇ ಚೆನ್ನಾಗಿತ್ತು ಎಂದು ಗೊಣಗುತ್ತಿದ್ದರಂತೆ. ಅವಳ ಮುಖದ ತುಂಬ ಸಿಡುಬಿನ ಕಲೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ತಗಡಿನ ಕೊಳವೆ ಅವಳಿಗೆ ಇಷ್ಟವಾಗಿದ್ದಕ್ಕೆ ಅದೂ ಒಂದು ಕಾರಣ, ಹಿಡಿದುಕೊಂಡರೆ ಮುಖ ಮುಚ್ಚುತ್ತಿತ್ತು.

೧೯೭೭ರಲ್ಲಿ ಬೆಂಗಳೂರಿನಲ್ಲಿ ರೇಡಿಯೋ ನಾಟಕಕ್ಕೆ ದನಿ ಪರೀಕ್ಷೆ ಕೊಟ್ಟು ಪಾಸಾದಳು. ಅಲ್ಲಿಂದ ಸಿನಿಮಾದವರು ಹಿಡಿದುಕೊಂಡು ಹೋದರು. ಬೊಂಬಾಯಿಯಿಂದಲೂ ಮದರಾಸಿನಿಂದಲೂ ಬೆಳ್ಳಗಿನ ಹುಡುಗಿಯರನ್ನು ಕರೆತಂದು ನಾಯಕಿ ಮಾಡುತ್ತಿದ್ದ ಕಾಲ. ಅವರಿಗೆ ಕನ್ನಡ ಬಾರದು. ಕೆಲವರು ಕ್ಯಾಮರಾ ಮುಂದೆ ಒಂದು ಎರಡು ಮೂರು ಎಂದು ಎಣಿಸಿ ತುಟಿ ಆಡಿಸಿ ಹೋಗಿಬಿಡುತ್ತಿದ್ದರು. ಆ ತುಟಿಗೆ ಸರಿಯಾಗಿ ಕನ್ನಡ ಕೂರಿಸುವುದು ಚಿಕ್ಕಮ್ಮನ ಕೆಲಸ. ವಯಸ್ಸಿನ ಹೆಣ್ಣು ಒಬ್ಬಳೇ ಹೋಗಬಾರದೆಂದು ನಮ್ಮಮ್ಮ, ಶಾಲೆಗೆ ರಜ ಇದ್ದಾಗಲೆಲ್ಲ, “ಮಂಗಿ, ನೀನೂ ಓಗೇ” ಎಂದು ನನ್ನನ್ನು ಜೊತೆಗೆ ಅಟ್ಟುತ್ತಿದ್ದಳು. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿದರೆ ಚಿಕ್ಕಮ್ಮ ಒಣಶುಂಠಿ ಚೂರು ದವಡೆಗೆ ಇಟ್ಟುಕೊಂಡು ಬೆಂಗಳೂರು ಬರುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ.

ಕಿಟಕಿಯಿಲ್ಲದ ಕೋಣೆ, ಬೀಡಿ ಹೊಗೆ, ಎದುರಿಗೆ ಪರದೆ. ಚಿತ್ರದ ಒಂದು ತುಂಡಿನ ತಲೆಯನ್ನು ಬಾಲಕ್ಕೆ ಅಂಟಿಸಿ, ಬಳೆಯಂತೆ ಮಾಡಿ, ಮತ್ತೆ ಮತ್ತೆ ಓಡಿಸುತ್ತಿದ್ದರು. ನಾಯಕಿ ಅತ್ತರೆ ಚಿಕ್ಕಮ್ಮ ಅಳಬೇಕು, ಓಡಿದರೆ ನಿಂತಲ್ಲೇ ಏದುಸಿರು ಬಿಡಬೇಕು. ನಾಯಕ ಮುತ್ತಿಟ್ಟರೆ ಚಿಕ್ಕಮ್ಮ ತನ್ನ ಮೊಣಕೈಗೇ ಮುತ್ತಿಟ್ಟು ಸದ್ದು ಮಾಡಬೇಕು. ಆ ಹೊತ್ತಿಗೆ ಸರಿಯಾಗಿ ಯಾವನಾದರೂ ನಿರ್ಮಾಪಕ ಒಳಗೆ ಬಂದು ಕೂರುತ್ತಿದ್ದ. ಸಾಲದು, ಇನ್ನೊಂದು ಸಲ, ಇನ್ನೊಂದು ಸಲ ಎಂದು ಮಾಡಿಸುತ್ತಿದ್ದ. ಅವಳು ಮೊಣಕೈ ಒರೆಸಿಕೊಂಡು ಮತ್ತೆ ತುಟಿ ಹಚ್ಚುತ್ತಿದ್ದಳು. ಹದಿನೈದು ವರ್ಷದ ನಾನು ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದೆ. ಒಬ್ಬ ನಿರ್ದೇಶಕ ಒಂದು ದಿನ ಎಲ್ಲರೆದುರಿಗೆ, “ಇಂಥ ದನಿ ಇಂಥ ಮುಖದೊಳಗೆ ಹೇಗಮ್ಮ ಸೇರಿಕೊಂಡಿತು?” ಎಂದು ಕೇಳಿದ. ಚಿಕ್ಕಮ್ಮನೂ ನಕ್ಕಳು. ಅವನ ಎಂಜಲು ಲೋಟ ಅಲ್ಲೇ ಇತ್ತು, ಅದನ್ನು ಅವನ ತಲೆ ಮೇಲೆ ಸುರಿಯಬೇಕೆನ್ನಿಸಿತ್ತು ನನಗೆ.

ಚಿತ್ರದ ಕೊನೆಗೂ ಮೊದಲಿಗೂ ಎಲ್ಲಿಯೂ ಅವಳ ಹೆಸರು ಬರುತ್ತಿರಲಿಲ್ಲ. ಊರಿಗೆ ಬಂದು, ಆ ನಾಯಕಿಯ ಮಾತೆಲ್ಲ ನಂದೇ ಎಂದರೆ ಯಾರೂ ನಂಬುತ್ತಿರಲಿಲ್ಲ. “ಓಗೇ ಸುಳ್ಳಿ, ಆ ಬೆಣ್ಣೆಯಂಥ ಮಾತೆಲ್ಲಿ, ನೀನೆಲ್ಲಿ” ಅನ್ನುತ್ತಿದ್ದರು. ನಡುವೆ ಅವಳನ್ನು ಸೋದರಮಾವನ ಮಗನಿಗೆ ಕೊಟ್ಟು ಮದುವೆ ಮಾಡಿದ್ದರು. ಅವನು ಎರಡು ವರ್ಷ ಬಾಳಿ, ಬೇರೆಯವಳನ್ನು ಕಟ್ಟಿಕೊಂಡು ಚಿತ್ತೂರಿನ ಕಡೆ ಹೋದ.

ಇಲ್ಲಿ ಅಮ್ಮಾಜಮ್ಮನ ವಿಷಯ ಹೇಳಬೇಕು. ಅವಳ ಮನೆ ನಮ್ಮ ಮನೆಯ ಎದುರಿಗೇ. ಚಿಕ್ಕಮ್ಮ ಆರು ವರ್ಷದವಳಿದ್ದಾಗಲೇ ನಮ್ಮ ಅಜ್ಜಿ ತೀರಿಕೊಂಡಳು. ಆಮೇಲೆ ಅಮ್ಮಾಜಮ್ಮ ಹಬ್ಬ ಹುಣ್ಣಿಮೆಗೆ ತವರಿಗೆ ಬಂದಾಗಲೆಲ್ಲ ಆ ಮಗುವಿಗೆ ತಲೆಗೆ ಎರೆದು, ಹೇನು ಬಾಚಿ, ಮೊಸರನ್ನ ತಿನ್ನಿಸಿ ಹೋಗುತ್ತಿದ್ದಳು. ಅವಳ ಗಂಡ ಪೆರುಮಾಳ್ ಗಣಿಯ ಒಳಗಿನ ಕೆಲಸಗಾರ. ಉರಿಗಾಂನ ಲೈನಿನಲ್ಲಿ ಸಂಸಾರ. ೧೯೬೯ರಲ್ಲಿ ಪಾತಾಳದಲ್ಲಿ ಬಂಡೆ ಸಿಡಿದು ಅವನು ಸತ್ತ. ಲೈನಿನ ಮನೆ ಬಿಟ್ಟು ಅಮ್ಮಾಜಮ್ಮ ತವರಿಗೇ ಬಂದು, ಎರಡು ಎಮ್ಮೆ ಕಟ್ಟಿ, ಮೊಸರು ಮಾರುವುದಕ್ಕೆ ನಿಂತಳು. ಬೆಳಿಗ್ಗೆ ಮಾರಿಕುಪ್ಪಂ ಪ್ಯಾಸೆಂಜರು ಹತ್ತಿ ಕೋರಮಂಡಲ್‌ನಲ್ಲಿ ಇಳಿಯುವಳು. ಲೈನುಗಳ ನಡುವೆ, “ಮೊಸ್ರೂ, ತಯಿರೂ, ಪೆರುಗೂ” ಎಂದು ಮೂರು ಭಾಷೆಯಲ್ಲೂ ಕೂಗುತ್ತ ಹೋದರೆ, ಮಧ್ಯಾಹ್ನದೊಳಗೆ ಮಡಕೆ ಬರಿದಾಗುತ್ತಿತ್ತು.

ಅವಳ ಮಾತಿಗೆ ಒಂದು ವಿಚಿತ್ರ ಇತ್ತು. ಮಾತಿನ ನಡುವೆ ಇದ್ದಕ್ಕಿದ್ದಂತೆ ಉಸಿರು ಒಳಕ್ಕೆ ಎಳೆಯುತ್ತಿತ್ತು. ಕೈಪಂಪಿನಲ್ಲಿ ನೀರು ಬರುವ ಮುಂಚೆ ಬರುತ್ತದಲ್ಲ, ಅಂಥ ಸದ್ದು. ಬಾಯಿ ತೆರೆದೇ ಇರುತ್ತಿತ್ತು, ಕಣ್ಣು ಅರಳುತ್ತಿತ್ತು, ಒಂದು ಗಳಿಗೆ ಬಿಟ್ಟು ಮಾತು ಮುಂದೆ ಹೋಗುತ್ತಿತ್ತು. ಉಬ್ಬಸ ಎಂದರು ಕೆಲವರು, ಗಾಳಿ ಸೋಕಿದೆ ಎಂದರು ಕೆಲವರು. ಅವಳು ಏನನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಚಿಕ್ಕಮ್ಮ ನಮ್ಮ ಪಡಸಾಲೆಯಲ್ಲಿ ಅವಳೆದುರಿಗೇ ಅವಳ ಹಾಗೆ ಉಸಿರೆಳೆದು ಮೊಸರು ಮಾರಿ ತೋರಿಸುತ್ತಿದ್ದಳು. ಅಮ್ಮಾಜಮ್ಮ ಸೆರಗಿನಿಂದ ಹೊಡೆದು, “ಥೂ ನಿನ್ನ, ನನ್ಗಿಂತ ಚೆನ್ನಾಗಿ ಮಾರ್ತೀಯಲ್ಲೇ ಕದಿರಿ, ನಾಳೆಯಿಂದ ನೀನೇ ಓಗು” ಎಂದು ನಗುತ್ತಿದ್ದಳು. ಮನೆಯೊಳಗಿನ ನಗೆಗೆ ಮುಳ್ಳಿರಲಿಲ್ಲ.

೧೯೮೭ರಲ್ಲಿ ಒಂದು ದಿನ ದನಿ ಕೊಡುವ ಕೆಲಸದ ನಡುವೆ ಟೀ ಕುಡಿಯುತ್ತ ಚಿಕ್ಕಮ್ಮ ಅದನ್ನೇ ಮಾಡಿ ತೋರಿಸಿದಳು. ಅಲ್ಲಿ ಟೀವಿ ಧಾರಾವಾಹಿ ತೆಗೆಯುವವನೊಬ್ಬ ಇದ್ದ. ಬಿದ್ದು ಬಿದ್ದು ನಕ್ಕ. ವಾರಕ್ಕೊಂದು ಕಂತು ಬರುವ ಹಾಸ್ಯ ಧಾರಾವಾಹಿಯಲ್ಲಿ ಅವಳಿಗೆಂದೇ ಮೊಸರಕ್ಕ ಎಂಬ ಪಾತ್ರ ಬರೆಸುತ್ತೇನೆ ಎಂದ. ಮುಖವೂ ಹೇಳಿ ಮಾಡಿಸಿದ ಹಾಗಿದೆ, ಮೇಕಪ್ಪು ಬೇಡ ಎಂದ. ಚಿಕ್ಕಮ್ಮ ಊರಿಗೆ ಬಂದವಳು ನಮ್ಮಮ್ಮನನ್ನು ತಬ್ಬಿಕೊಂಡು, “ಅಕ್ಕಾ, ಈ ಸಲ ನನ್ ಮುಖಾನೂ ಬತ್ತದೆ ಕಣೇ” ಎಂದಳು. ಮೂವತ್ತು ವರ್ಷದಲ್ಲಿ ಅವಳ ಮುಖ ಬೇಕು ಎಂದವನು ಅವನೊಬ್ಬನೇ. ಯಾಕೆ ಬೇಕು ಎಂದ ಅನ್ನುವುದು ಅವಳಿಗೆ ಕಾಣಲಿಲ್ಲವೋ, ಕಂಡೂ ನುಂಗಿದಳೋ, ನಾನು ಕೇಳಲಿಲ್ಲ.

ನಮ್ಮೂರಲ್ಲಿ ಆಗ ಟೀವಿ ಇದ್ದದ್ದು ಹಾಲಿನ ಸೊಸೈಟಿಯಲ್ಲಿ ಮಾತ್ರ. ಸಂಜೆ ಹಾಲು ಅಳೆದಾದ ಮೇಲೆ ಜಗಲಿಗೆ ತಂದಿಡುತ್ತಿದ್ದರು. ಮೊದಲ ವಾರ ಊರೆಲ್ಲ ಸೇರಿತು. ಅಮ್ಮಾಜಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೊಸರಕ್ಕ ಮಡಕೆ ಹೊತ್ತು ಬಂದಳು, ಕೂಗಿದಳು, ನಡುವೆ ಉಸಿರು ಎಳೆದಳು, ಎಳೆಯುವ ಹೊತ್ತಿಗೆ ಸರಿಯಾಗಿ ಕಾಲು ಜಾರಿ ಮೊಸರೆಲ್ಲ ಮೈಮೇಲೆ ಸುರಿಯಿತು. ಜಗಲಿಯೇ ಅದುರುವಂತೆ ನಕ್ಕರು. ಅಮ್ಮಾಜಮ್ಮನೂ ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಅದನ್ನು ಬಚ್ಚಿಟ್ಟು ಮಿಕ್ಕವರನ್ನು ಬೈದರೆ ನನ್ನ ಬಾಯಿ ಹುಳುತು ಹೋದೀತು.

ಮೂರನೆಯ ವಾರಕ್ಕೆ ಪ್ಯಾಸೆಂಜರು ರೈಲಿನಲ್ಲಿ ಶುರುವಾಯಿತು. ಅಮ್ಮಾಜಮ್ಮ ಮಡಕೆ ಇಳಿಸಿ ಕೂತರೆ, ಕೆಲಸಕ್ಕೆ ಹೋಗುವ ಗಂಡಸರು, “ಮೊಸರಕ್ಕಾ, ಒಂದ್ಸಲ ಎಳಿ” ಅನ್ನುವರು. ಅವಳು ಬಾಯಿ ಬಿಡದಿದ್ದರೆ ತಾವೇ ಎಳೆಯುವರು. ಕೋರಮಂಡಲ್‌ನ ಲೈನಿನಲ್ಲಿ ಅವಳು ಕೂಗಿದ ಕೂಡಲೇ ಎರಡೂ ಕಡೆಯ ಬಾಗಿಲುಗಳಿಂದ ಉಸಿರೆಳೆಯುವ ಸದ್ದು. ಹದಿನೆಂಟು ವರ್ಷ ಅವಳ ಕೈಯಿಂದ ಮೊಸರು ಹಾಕಿಸಿಕೊಂಡ ಹೆಂಗಸರು ಪಾತ್ರೆ ಚಾಚಿ, “ಮೊದ್ಲು ಎಳಿ, ಆಮೇಲೆ ಆಕು” ಎಂದು ನಿಲ್ಲುವರು. ಅವಳಿಗಿದ್ದದ್ದು ಬಾಯೊಂದೇ ಬಂಡವಾಳ. ಅದನ್ನು ತೆರೆದರೆ ಸಾಕು, ನಗು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲಿಯನ್ನು ಹಿಡಿಯುವುದು ಬೆಕ್ಕಿಗೆ ಹಸಿವು, ಅದು ಒಪ್ಪುವ ಮಾತು. ಇವರಿಗೆ ಯಾವ ಹಸಿವಿತ್ತು?

ಚಿಕ್ಕಮ್ಮ ಊರಿಗೆ ಬಂದ ಒಂದು ಭಾನುವಾರ ಅಮ್ಮಾಜಮ್ಮ ನಮ್ಮ ಮನೆಗೆ ಬಂದು ಅವಳ ಮುಂದೆ ಕೂತಳು.

“ಕದಿರಿ, ಆ ಉಸ್ರೊಂದ ಬುಟ್ಬುಡೇ ತಾಯಿ. ಮಿಕ್ಕಿದ್ದೆಲ್ಲ ಇಟ್ಕೋ. ನನ್ ಮಡಕೆ ಇಟ್ಕೋ, ಸೀರೆ ಉಡೋದು ಇಟ್ಕೋ, ಕೂಗೋದು ಇಟ್ಕೋ.”

“ಅತ್ತೆ, ಅದೇ ಅಲ್ವಾ ಪಾತ್ರ. ಅದ್ ಬುಟ್ರೆ ಏನೈತೆ?” ಎಂದಳು ಚಿಕ್ಕಮ್ಮ.

“ನನ್ಗೆ ಕೂಗೋಕೆ ಆಗ್ತಿಲ್ಲ ಕಣೇ.”

“ಕೇಳ್ತೀನಿ ಅತ್ತೆ. ಅವ್ರನ್ನ ಕೇಳ್ ನೋಡ್ತೀನಿ.”

ಕೇಳಿದಳು. ನಾನು ಜೊತೆಗಿದ್ದೆ, ಅವಳು ಒಂದೇ ಸಲ, ಅದೂ ಮೆಲ್ಲಗೆ ಕೇಳಿದಳು. ಧಾರಾವಾಹಿಯವನು, ಉಸಿರು ಹೋದರೆ ನೀನೂ ಹೋಗು, ನಿನ್ನ ಮೊಸರು ಯಾರಿಗೆ ಬೇಕು ಎಂದ. ಚಿಕ್ಕಮ್ಮ ಮಡಕೆ ಎತ್ತಿ ತಲೆಯ ಮೇಲಿಟ್ಟುಕೊಂಡು ಲೈಟಿನ ಕೆಳಗೆ ಹೋಗಿ ನಿಂತಳು. ಆವತ್ತಿನಿಂದ ನಾನು ಜೊತೆಗೆ ಹೋಗುವುದನ್ನು ನಿಲ್ಲಿಸಿದೆ.

ಮರುವರ್ಷ ಅಮ್ಮಾಜಮ್ಮ ಊರಿನ ಹಿರಿಯರ ಮುಂದೆ ನ್ಯಾಯ ಹಾಕಿದಳು. ಸೊಸೈಟಿಯ ಅಧ್ಯಕ್ಷ ಚಿಕ್ಕಮುನಿಯಪ್ಪನೇ ನ್ಯಾಯ ಹೇಳುವವನು. ಅದೇ ಜಗಲಿ. ಟೀವಿಯನ್ನು ಒಳಗಿಟ್ಟು ಚಾಪೆ ಹಾಸಿದ್ದರು. ಹೆಂಗಸರು ಗೋಡೆ ಪಕ್ಕ ನಿಂತಿದ್ದೆವು. ಅಮ್ಮಾಜಮ್ಮ ಎದ್ದು ಮಾತು ಶುರು ಮಾಡಿದಳು. ನಾಲ್ಕು ಮಾತು ಆಡುವುದರೊಳಗೆ ಉಸಿರು ಎಳೆಯಿತು. ಹಿಂದೆ ಯಾರೋ ಕಿಸಕ್ಕೆಂದರು. ಚಿಕ್ಕಮುನಿಯಪ್ಪ ಗದರಿಸಿದ, ಆದರೆ ಅವನ ಮೀಸೆಯೂ ಅಲ್ಲಾಡುತ್ತಿತ್ತು. ಅವಳು ದೂರನ್ನು ಪೂರ್ತಿ ಹೇಳಲೇ ಇಲ್ಲ, ಕೂತುಬಿಟ್ಟಳು.

“ಏನ್ ತಪ್ಪು ಅಂತ ನಾವು ಕಣ್ಣಾರೆ ಕಾಣ್ಬೇಕಲ್ಲಮ್ಮ” ಎಂದ ಚಿಕ್ಕಮುನಿಯಪ್ಪ, ಚಿಕ್ಕಮ್ಮನ ಕಡೆ ತಿರುಗಿ. “ಕದಿರಮ್ಮ, ನೀನ್ ಅಲ್ಲಿ ಏನ್ ಮಾಡ್ತೀಯೋ ಅದ್ನ ಒಂದ್ಸಲ ಇಲ್ಲಿ ಮಾಡಿ ತೋರ್ಸು. ಆಮೇಲೆ ನ್ಯಾಯ ಯೋಳಾನ.”

ನಾನು ಚಿಕ್ಕಮ್ಮನ ಕೈ ಹಿಡಿದುಕೊಂಡೆ. ಬೇಡ ಎಂದೆ. ಅವಳು ಕೈ ಬಿಡಿಸಿಕೊಂಡಳು. ಮುಂದೆ ಜನ ಕೂತಿದ್ದರು, ಮಾಡು ಎಂದಿದ್ದರು. ಹದಿನಾಲ್ಕನೆಯ ವಯಸ್ಸಿನಿಂದ ಅವಳು ಕಲಿತದ್ದು ಅದೊಂದನ್ನೇ. ತಲೆಯ ಮೇಲೆ ಇಲ್ಲದ ಮಡಕೆಯನ್ನು ಹಿಡಿದುಕೊಂಡು ಚಾಪೆಯ ನಡುವೆ ಬಂದಳು, ಕೂಗಿದಳು, ಎಳೆದಳು. ನ್ಯಾಯಕ್ಕೆ ಕೂತವರೆಲ್ಲ ತೊಡೆ ತಟ್ಟಿಕೊಂಡು ನಕ್ಕರು. ಅಮ್ಮಾಜಮ್ಮನ ಒಡಹುಟ್ಟಿದ ತಮ್ಮ ಅಲ್ಲೇ ಇದ್ದ. ಅವನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ನಕ್ಕ. ಇನ್ನೊಂದ್ಸಲ ಮಾಡಮ್ಮ, ಸರಿಯಾಗಿ ಕಾಣ್ಲಿಲ್ಲ ಎಂದ ಒಬ್ಬ. ಅವಳು ಇನ್ನೊಂದು ಸಲ ಮಾಡಿದಳು. ಆ ಜಗಲಿಯ ಮೇಲೆ ನನಗೆ ಬಂದಷ್ಟು ಅಸಹ್ಯ ಚರಂಡಿಗೆ ಇಳಿದರೂ ಬರಲಾರದು. ಯಾರ ಮೇಲೆ ಹೆಚ್ಚು ಎಂದರೆ, ಹೇಳಲಾರೆ.

ನಕ್ಕು ಸುಸ್ತಾದ ಮೇಲೆ ನ್ಯಾಯ ಹೇಳಿದರು. ಕದಿರಮ್ಮ ಒಂದು ಸೀರೆ, ಕುಪ್ಪಸದ ಕಣ, ತಾಂಬೂಲ ಕೊಡಬೇಕು. ಅಮ್ಮಾಜಮ್ಮ ಹಿಡಿಯಬೇಕು. ನಮ್ಮ ಕಡೆ ಹಿರಿಯರ ಮುಂದೆ ತಾಂಬೂಲ ಹಿಡಿದರೆ ಮುಗಿಯಿತು, ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ಅಮ್ಮಾಜಮ್ಮ ಸುಮ್ಮನೆ ಎದ್ದು ಬಂದು ಎರಡೂ ಕೈ ಚಾಚಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಗಾದೆ ಹೇಳುವ ಜನ ಇವರೇ. ಇವರೇ ಅವಳ ಮಾನಕ್ಕೆ ಎರಡು ಎಲೆ, ಒಂದು ಅಡಿಕೆ ಇಟ್ಟು ಕೊಟ್ಟು ಕಳಿಸಿದರು.

ಆಮೇಲೆ ಅವಳು ಕೂಗುವುದನ್ನು ಬಿಟ್ಟಳು. ಅಳತೆಯ ಲೋಟವನ್ನು ಮಡಕೆಯ ಮುಚ್ಚಳಕ್ಕೆ ಬಡಿಯುತ್ತ ಲೈನುಗಳಲ್ಲಿ ನಡೆಯುತ್ತಿದ್ದಳು. ಬಡಿದ ಸದ್ದಿಗೆ ಯಾರು ಬರುತ್ತಾರೆ? ಕೂಗುವ ಬೇರೆ ಮೊಸರಿನವರು ಬಂದರು. ಮಡಕೆ ಅರ್ಧ ಉಳಿದು ಮನೆಗೆ ಬರತೊಡಗಿತು, ಆಮೇಲೆ ಮುಕ್ಕಾಲು. ಒಂದು ವರ್ಷದೊಳಗೆ ಎಮ್ಮೆ ಕೊಟ್ಟುಬಿಟ್ಟು ಟೊಮ್ಯಾಟೊ ತೋಟಗಳಿಗೆ ಕೂಲಿಗೆ ಹೋದಳು. ಬಗ್ಗಿ ಹಣ್ಣು ಕೀಳುವುದಕ್ಕೆ ಮಾತು ಬೇಕಿಲ್ಲವಲ್ಲ. ಊರಲ್ಲಿ ಯಾರ ಜೊತೆಯೂ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಎರಡು ಮಾತಿನೊಳಗೆ ಉಸಿರು ಎಳೆಯುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು.

ಚಿಕ್ಕಮ್ಮನೇನು ಸುಖಪಟ್ಟಳೇ? ಆ ಧಾರಾವಾಹಿ ಮುಗಿದ ಮೇಲೆ ಬೇರೆಯವರು ಕರೆದರು, ಅದೇ ಉಸಿರಿಗೆ. ಡಾಕ್ಟರ ಮನೆಯ ಕೆಲಸದವಳು, ಉಸಿರು. ಸ್ಕೂಲಿನ ಆಯಾ, ಉಸಿರು. ನೋಡುವವರಿಗೆ ಹಳಸಿತು. ಹಳಸಿದ ಮೇಲೆ, ಅವಳಿಗಿಂತ ಕಡಿಮೆ ವಯಸ್ಸಿನವಳೊಬ್ಬಳು ಅದನ್ನೇ ಮಾಡತೊಡಗಿದಳು. ಚಿಕ್ಕಮ್ಮ ಮತ್ತೆ ಕಿಟಕಿಯಿಲ್ಲದ ಕೋಣೆಗೆ ಹೋಗಿ ಬೆಳ್ಳಗಿನ ಹುಡುಗಿಯರಿಗೆ ದನಿ ಕೊಡುತ್ತ ಕೂತಳು.

೧೯೯೪ರ ಬೇಸಗೆಯಲ್ಲಿ ದೆಹಲಿಯಿಂದ ನಾಲ್ಕು ಜನ ಕ್ಯಾಮರಾ ಹೊತ್ತು ನಮ್ಮ ಶಾಲೆಗೆ ಬಂದರು. ಗಣಿಯಲ್ಲಿ ಸತ್ತವರ ಹೆಂಡಿರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಾರಂತೆ, ಮಾತಾಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅವರನ್ನು ಅಮ್ಮಾಜಮ್ಮನ ಮನೆಗೆ ಕರೆದುಕೊಂಡು ಹೋದವಳು ನಾನೇ. ಅವಳು ಮೊದಲು ಒಲ್ಲೆ ಎಂದಳು. ಇವರಿಗೆ ಕನ್ನಡ ಬರೋದಿಲ್ಲ ಅವ್ವ, ಟೀವಿಯ ಮೊಸರಕ್ಕನನ್ನು ಕಂಡವರಲ್ಲ, ನಗೋದಿಲ್ಲ ಎಂದೆ. ಆಮೇಲೆ ಹಿತ್ತಲಲ್ಲಿ ಕೂತಳು. ಐದು ವರ್ಷ ಎರಡೆರಡು ಮಾತು ಆಡಿದವಳು ಆವತ್ತು ಒಂದು ಗಂಟೆ ಬಿಡದೆ ಮಾತಾಡಿದಳು. ನಾನು ದೂರದಲ್ಲಿ ಕಲ್ಲಿನ ಮೇಲೆ ಕೂತು ಬೀದಿಯವರು ಒಳಗೆ ನುಗ್ಗದಂತೆ ಕಾವಲಿದ್ದೆ. ಏನು ಹೇಳಿದಳೆಂದು ನನಗೆ ಆಗ ಕೇಳಿಸಲಿಲ್ಲ.

ತಿಂಗಳಾದ ಮೇಲೆ ಚಿಕ್ಕಮ್ಮ ಹೇಳಿಕಳಿಸಿದಳು. ನಾನು ಬೆಂಗಳೂರಿಗೆ ಹೋದೆ. ಆ ಸಾಕ್ಷ್ಯಚಿತ್ರದ ಕನ್ನಡ ಪ್ರತಿಗೆ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ದನಿ ಸೇರಿಸುತ್ತಿದ್ದರು. ಅಮ್ಮಾಜಮ್ಮನ ಭಾಗ ಹಾಕಿ ನೋಡಿದಾಗ, ಅವಳು ಉಸಿರೆಳೆದ ಕೂಡಲೇ ಅಲ್ಲಿದ್ದ ಕನ್ನಡದವರೆಲ್ಲ ಮೊಸರಕ್ಕ ಮೊಸರಕ್ಕ ಎಂದು ನಕ್ಕರಂತೆ. ದೆಹಲಿಯವನಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ನಗು ಬರುವ ದನಿ ಇಂಥ ಚಿತ್ರಕ್ಕೆ ಆಗುವುದಿಲ್ಲ, ಗಂಭೀರವಾದ ಒಳ್ಳೆಯ ದನಿ ಹಾಕಿಸಿ ಎಂದ. ಒಳ್ಳೆಯ ದನಿಯೆಂದು ಸ್ಟುಡಿಯೋದವರು ಕರೆಸಿದ್ದು ಯಾರನ್ನು? ಕದಿರಮ್ಮನನ್ನು. ಇಷ್ಟು ಹೊಲಸು ನಗೆಪಾಟಲನ್ನು ಯಾವ ಧಾರಾ​ವಾಹಿಯವನೂ ಬರೆದಿರಲಾರ.

ಚಿಕ್ಕಮ್ಮ ಕಿವಿಗೆ ಹಾಕಿಕೊಳ್ಳುವ ಫೋನನ್ನು ನನಗೇ ಮೊದಲು ಹಾಕಿದಳು. “ಕೇಳು” ಎಂದಳು. ಎದುರಿಗೆ ಚಿಕ್ಕ ಪರದೆಯಲ್ಲಿ ಅಮ್ಮಾಜಮ್ಮ, ಹಿತ್ತಲಿನ ಗೋಡೆ.

“ಗಣಿ ಸಂಗು ಕೂಗ್ತು. ಒತ್ತಲ್ಲದ ಒತ್ನಲ್ಲಿ ಕೂಗುದ್ರೆ ಏನು ಅಂತ ಲೈನಿನ ಎಂಗಸ್ರಿಗೆಲ್ಲ ಗೊತ್ತು. ಒಲೆ ಮೇಲಿನ ಅನ್ನ ಅಂಗೇ ಬುಟ್ಟು ಓಡಿದ್ವಿ. ಗೇಟ್ ತಾವ ನಿಲ್ಸುದ್ರು. ಒಳ್ಗಿಂದ ಆಳುಗಳ್ನ ಎತ್ತೋ ಕೇಜು ಮೇಲಕ್ಕೆ ಬರೋದು, ಬಾಗ್ಲು ತೆಗೆಯೋರು. ನಾನು ಗಂಡನ ಎಸ್ರು ಯಾವತ್ತೂ ಬಾಯಲ್ಲಿ ಯೋಳಿದೋಳಲ್ಲ. ಅವತ್ತು ಎಸ್ರು ಇಡ್ದು ಕೂಗೇ ಬುಡಾನ ಅಂತ ಉಸ್ರು ಎಳ್ಕೊಂಡೆ. ನೋಡುದ್ರೆ ಅವನಲ್ಲ. ಮತ್ತೆ ಕೇಜು ಬಂತು. ಮತ್ತೆ ಎಳ್ಕೊಂಡೆ. ಅವನಲ್ಲ. ಒತ್ತು ಮುಳುಗೋವರ್ಗೂ ಅಂಗೇ. ಕಡೇಗೆ ಅವನ್ನ ತಂದ್ರು. ಆವಾಗ ಕೂಗಿ ಏನ್ ಮಾಡೋದು? ಎಳ್ಕೊಂಡಿದ್ ಉಸ್ರು ಒಳ್ಗೇ ನಿಂತೋಯ್ತು. ಈಗ್ಲೂ ಬತ್ತೈತೆ, ನಾನು ಬ್ಯಾಡ ಅಂದ್ರೂ ಬತ್ತೈತೆ.”

ಆ ಮಾತಿನ ನಡುನಡುವೆ ಆ ಉಸಿರು ಇತ್ತು. ನಾಡೆಲ್ಲ ನಕ್ಕ ಉಸಿರು. ನಾನು ಫೋನು ತೆಗೆದಿಟ್ಟೆ. ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದೆ. ಅವಳು ಹೊತ್ತುಕೊಂಡಿದ್ದು ಗಂಡನ ಹೆಸರನ್ನು. ಅದನ್ನೇ ನಾವು ಜಗಲಿಯ ಮೇಲೆ ಎರಡು ಸಲ ಮಾಡಿಸಿ ನೋಡಿದ್ದೆವು.

“ಒಲ್ಲೆ ಅಂತ ಹೇಳಿ ಎದ್ದು ಬಾ ಚಿಕ್ಕಮ್ಮ” ಎಂದೆ. “ಅವಳ ದನಿಯೇ ಇರಲಿ. ನಗುವವರು ನಕ್ಕು ಸಾಯಲಿ.”

ಚಿಕ್ಕಮ್ಮ ಫೋನನ್ನು ತನ್ನ ಕಿವಿಗೆ ಹಾಕಿಕೊಂಡಳು. ಅವಳ ಇಳಿದ ರೆಪ್ಪೆಯ ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಅವಳ ದನಿ ಬುಟ್ರೆ ನಗ್ತಾರೆ ಮಂಗಿ” ಎಂದಳು. “ಅದ್ನ ನಗೋ ಅಂಗೆ ಮಾಡಿದ್ದು ನಾನು. ಗಂಡ ಸತ್ತಿದ್ದ ಯೋಳ್ವಾಗ್ಲೂ ನಗ್ತಾರೆ. ಅದ್ ಬ್ಯಾಡ.”

ಅವಳು ಎದ್ದು ಮೈಕಿನ ಮುಂದೆ ಕೂತಳು. ಅಮ್ಮಾಜಮ್ಮನ ತುಟಿ ನೋಡಿಕೊಂಡು, ಶುದ್ಧವಾದ ಪುಸ್ತಕದ ಕನ್ನಡದಲ್ಲಿ ಹೇಳಿದಳು: ಸೈರನ್ ಕೂಗಿತು, ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಪರದೆಯ ಮೇಲೆ ಬಾಯಿ ತೆರೆದು ಉಸಿರು ಎಳೆಯುವ ಜಾಗ ಬಂದಾಗಲೆಲ್ಲ ಅವಳು ಸುಮ್ಮನಿದ್ದಳು. ಅಲ್ಲಿ ಏನಾದರೂ ಸದ್ದು ಹಾಕಮ್ಮ, ಬಾಯಿ ತೆರೆದಿದೆ ಎಂದು ಗಾಜಿನ ಆಚೆಯಿಂದ ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ಕೊನೆಗೆ ಆ ಜಾಗಗಳಲ್ಲಿ ಗಣಿಯ ಗೇಟಿನ ಚಿತ್ರ ಅಂಟಿಸಿದರು. ಹದಿನೇಳು ವರ್ಷದಲ್ಲಿ ಅವಳು ಅಷ್ಟು ಚೆನ್ನಾಗಿ ಯಾರಿಗೂ ದನಿ ಕೊಟ್ಟಿರಲಿಲ್ಲ. ಅದೂ ನನಗೆ ಅಸಹ್ಯವೇ ಆಯಿತು.

ಚಿತ್ರ ಟೀವಿಯಲ್ಲಿ ಬಂದ ದಿನ ಜಗಲಿಗೆ ಜನ ಸೇರಿದ್ದರು. ಈಗ ಮನೆಮನೆಗೂ ಟೀವಿ ಇದ್ದರೂ, ನಮ್ಮೂರವಳು ಬರುತ್ತಾಳೆಂದು ಚಿಕ್ಕಮುನಿಯಪ್ಪ ಎಲ್ಲರನ್ನೂ ಕರೆಸಿದ್ದ. ಅಮ್ಮಾಜಮ್ಮ ಬರುವುದಿಲ್ಲ ಎಂದಳು. ನಾನೇ ಕೈ ಹಿಡಿದು ಕರೆತಂದು ಕಂಬದ ಪಕ್ಕ ಕೂರಿಸಿ, ಜೊತೆಗೆ ಕೂತೆ.

ಅವಳು ಟೀವಿಯನ್ನು ನೋಡಲಿಲ್ಲ. ತನ್ನ ಮುಖ ಬಂದ ಕೂಡಲೇ ತಿರುಗಿ ಜನರ ಮುಖಗಳನ್ನು ನೋಡತೊಡಗಿದಳು, ಒಬ್ಬೊಬ್ಬರನ್ನೇ. ಟೀವಿಯೊಳಗಿನ ಅಮ್ಮಾಜಮ್ಮ ಬೆಣ್ಣೆಯಂಥ ಕನ್ನಡದಲ್ಲಿ ಕೇಜಿನ ಕಥೆ ಹೇಳಿದಳು. ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಟವೆಲ್ಲು ತುರುಕಿಕೊಂಡು ನಕ್ಕಿದ್ದ ಅವಳ ತಮ್ಮ ಅದೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಚಿಕ್ಕಮುನಿಯಪ್ಪ, “ಎಂಥಾ ಕಷ್ಟ ಪಟ್ಟವ್ಳೆ ನಮ್ಮೂರ್ ಎಣ್ಮಗ್ಳು” ಎಂದ. ಎಂದವನ ಮುಖಕ್ಕೆ ಉಗಿಯಬೇಕಿತ್ತು. ಉಗಿಯಲಿಲ್ಲ.

ಚಿತ್ರ ಮುಗಿಯಿತು. ಅಮ್ಮಾಜಮ್ಮ ನನ್ನ ಕಡೆ ವಾಲಿ, “ಯಾರೂ ನಗ್ಲಿಲ್ಲ ನೋಡು” ಎಂದಳು. ಖುಷಿಗೆ ಎರಡು ಮಾತಿನ ಲೆಕ್ಕ ಮರೆತಳು. “ನಾನು ಅಷ್ಟ್ ಮಾತಾಡುದ್ರೂ ಒಬ್ರೂ” ಎನ್ನುವಷ್ಟರಲ್ಲಿ ಉಸಿರು ಎಳೆಯಿತು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತಲೆ ತಗ್ಗಿಸಿದಳು.

ಹಾಗೆಯೇ ಪಿಸುದನಿಯಲ್ಲಿ ಕೇಳಿದಳು. “ಆ ದನಿ ನಂದಲ್ಲ ಅಲ್ವಾ. ಯಾರ್ದಮ್ಮ?”

ಸುಳ್ಳು ಹೇಳಲಾಗಲಿಲ್ಲ. “ಕದಿರಿಯದು ಅವ್ವ.”

“ನಮ್ ಕದಿರಿಗೆ ಇಂಗೆ ಮಾತಾಡೋಕೆ ಬತ್ತದಾ?”

“ಮೊದಲಿನಿಂದಲೂ ಬರ್ತಿತ್ತು.”

ಅವಳು ಕೈಯನ್ನು ಬಾಯಿಯಿಂದ ತೆಗೆಯದೆಯೇ ಬೆರಳ ಸಂದಿಯಲ್ಲಿ ಮಾತಾಡಿದಳು.

“ಅಂಗಾದ್ರೆ ಅವತ್ತು ಮೊಸರಕ್ಕ ಆದಾಗ್ಲೂ ಇಂಗೇ ಮಾತಾಡಿದ್ರೆ ಏನಾಗ್ತಿತ್ತಮ್ಮ ಅವ್ಳಿಗೆ?”

ಅವಳನ್ನು ಮನೆಗೆ ಬಿಟ್ಟು ಬಂದೆ. ಚಿಕ್ಕಮ್ಮ ಮುಂದಿನ ವಾರ ಊರಿಗೆ ಬಂದಾಗ, ಅತ್ತೆ ಏನಂದಳು ಎಂದು ಎರಡು ಸಲ ಕೇಳಿದಳು. “‘ಯಾರೂ ನಗಲಿಲ್ಲ’ ಎಂದಳು, ಅಷ್ಟೇ” ಎಂದೆ.